ರಿವಾರ್ಡ್ ಕ್ರೆಡಿಟ್ ಕಾರ್ಡ್: ನಿಮ್ಮ ಖರ್ಚಿಗೆ ಯಾವುದು ಸೂಕ್ತ?

ನಮ್ಮ ಪ್ರತಿನಿಧಿಯಿಂದ

ಬೆಂಗಳೂರು: ಮಾಲ್‌ಗಳ ಬಾಗಿಲಲ್ಲಿ, ಪೆಟ್ರೋಲ್ ಬಂಕ್‌ಗಳಲ್ಲಿ, ವಿಮಾನ ನಿಲ್ದಾಣದ ಪಡಸಾಲೆಯಲ್ಲಿ ಅರ್ಜಿ ಹಿಡಿದು ನಿಂತ ಯುವಕ ಯುವತಿಯರ ಮಾತು ಬಹುತೇಕ ಒಂದೇ ಬಗೆಯದು. 'ಸರ್, ವರ್ಷದ ಫೀಸ್ ಇಲ್ಲ, ಪ್ರತಿ ಖರ್ಚಿಗೂ ಪಾಯಿಂಟ್ಸ್ ಬರುತ್ತೆ, ಲಾಂಜ್ ಫ್ರೀ.' ಸಂಬಳದ ಚೀಟಿಯ ಪ್ರತಿ ಮತ್ತು ಪಾನ್ ಸಂಖ್ಯೆ ಕೊಟ್ಟರೆ ವಾರದೊಳಗೆ ಕಾರ್ಡ್ ಮನೆಗೆ ಬರುತ್ತದೆ. ಆದರೆ ಆ ಕಾರ್ಡ್ ತಮ್ಮ ಖರ್ಚಿಗೆ ಹೊಂದುತ್ತದೆಯೇ ಎಂದು ಕೇಳುವವರು ವಿರಳ. ಪರಿಣಾಮವಾಗಿ, ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರ ಜೇಬಿನಲ್ಲಿ ವಿಮಾನಯಾನದ ಕಾರ್ಡ್, ಆನ್‌ಲೈನ್‌ನಲ್ಲಿ ಏನನ್ನೂ ಕೊಳ್ಳದವರ ಬಳಿ ಶಾಪಿಂಗ್ ಕಾರ್ಡ್ ಉಳಿದಿರುತ್ತದೆ. ಪಾಯಿಂಟ್‌ಗಳು ಕೊಳೆಯುತ್ತವೆ, ಶುಲ್ಕ ಮಾತ್ರ ತಪ್ಪದೆ ಕಡಿತವಾಗುತ್ತದೆ.

ರಿವಾರ್ಡ್ ಕಾರ್ಡ್ ಎಂಬುದು ಸ್ವತಃ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಅದು ಯಾರ ಕೈಯಲ್ಲಿದೆ, ಅವರ ಹಣ ಎಲ್ಲಿ ಹೋಗುತ್ತದೆ ಎಂಬುದರ ಮೇಲೆ ಲಾಭ ನಷ್ಟ ನಿರ್ಧಾರವಾಗುತ್ತದೆ. ಅದನ್ನು ಲೆಕ್ಕ ಹಾಕುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಪಾಯಿಂಟ್ ಯಾರ ದುಡ್ಡು?

ಬ್ಯಾಂಕ್ ತನ್ನ ಜೇಬಿನಿಂದ ಯಾರಿಗೂ ಬಹುಮಾನ ಕೊಡುವುದಿಲ್ಲ. ಅಂಗಡಿಯಲ್ಲಿ ನೀವು ಕಾರ್ಡ್ ಉಜ್ಜಿದಾಗ, ಪಾವತಿಯಾದ ಮೊತ್ತದಲ್ಲಿ ಒಂದು ಸಣ್ಣ ಪಾಲನ್ನು ಅಂಗಡಿಯವನು ಶುಲ್ಕವಾಗಿ ಬಿಟ್ಟುಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿರುವ ಈ ಶುಲ್ಕದ ದೊಡ್ಡ ಭಾಗ ಕಾರ್ಡ್ ನೀಡಿದ ಬ್ಯಾಂಕಿಗೆ ಸೇರುತ್ತದೆ. ಅದರಲ್ಲೇ ಒಂದಿಷ್ಟನ್ನು ಬ್ಯಾಂಕ್ ಪಾಯಿಂಟ್ ರೂಪದಲ್ಲಿ ನಿಮಗೆ ಹಿಂದಿರುಗಿಸುತ್ತದೆ. ಇದು ಮೊದಲ ಮೂಲ.

ಎರಡನೆಯದು ವಾರ್ಷಿಕ ಶುಲ್ಕ. ಮೂರನೆಯದು ಮತ್ತು ಬಹಳ ದೊಡ್ಡದು, ಬಾಕಿಯನ್ನು ಪೂರ್ತಿ ತೀರಿಸಲಾಗದವರು ಕಟ್ಟುವ ಬಡ್ಡಿ. ಅಂದರೆ ಗಡುವಿನೊಳಗೆ ಪೂರ್ತಿ ಹಣ ಕಟ್ಟುವವರು ಅನುಭವಿಸುವ ಸೌಲಭ್ಯಕ್ಕೆ ಕಟ್ಟಲಾಗದವರ ಬಡ್ಡಿಯೂ ಆಧಾರವಾಗಿದೆ. ನೀವು ಈ ಎರಡು ಗುಂಪುಗಳ ಪೈಕಿ ಯಾವುದಕ್ಕೆ ಸೇರಿದವರು ಎಂಬುದೇ ಮೊದಲ ಪ್ರಶ್ನೆ.

ಬಡ್ಡಿ ಕಟ್ಟುವವರಿಗೆ ಪಾಯಿಂಟ್ ಇಲ್ಲ!

ದೇಶದ ಹೆಚ್ಚಿನ ಕಾರ್ಡ್‌ಗಳ ಬಡ್ಡಿ ದರ ತಿಂಗಳಿಗೆ ಶೇ 3.5ರಿಂದ 3.75ರವರೆಗೆ ಇದೆ. ತಿಂಗಳ ಲೆಕ್ಕದಲ್ಲಿ ಹೇಳಿದರೆ ಸಣ್ಣದಾಗಿ ಕಾಣುವ ಈ ದರ ವರ್ಷಕ್ಕೆ ಶೇ 42ರಿಂದ 45ರಷ್ಟಾಗುತ್ತದೆ. ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಬೇರೆ. ವಾರ್ಷಿಕ ಶೇ 30ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ನೀಡಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಆದ್ದರಿಂದ ಆ ಮಿತಿಯ ರಕ್ಷಣೆ ಈಗ ಗ್ರಾಹಕರಿಗೆ ಇಲ್ಲ.

ಒಂದು ಉದಾಹರಣೆ ನೋಡೋಣ. ತಿಂಗಳ ಬಿಲ್ 30,000 ರೂ. ಬಂದಿದೆ. ನೀವು 'ಕನಿಷ್ಠ ಬಾಕಿ' ಎಂದು ನಮೂದಿಸಿರುವ ಶೇ 5, ಅಂದರೆ 1,500 ರೂ. ಮಾತ್ರ ಕಟ್ಟಿದಿರಿ. ಉಳಿದ 28,500 ರೂಪಾಯಿಗೆ ಶೇ 3.5ರಂತೆ ಒಂದು ತಿಂಗಳ ಬಡ್ಡಿ ಸುಮಾರು 998 ರೂ. ಜಿಎಸ್‌ಟಿ ಸೇರಿದರೆ 1,177 ರೂ. ಇಷ್ಟಕ್ಕೇ ಮುಗಿಯುವುದಿಲ್ಲ. ಬಾಕಿ ಉಳಿದರೆ ಬಡ್ಡಿಯನ್ನು ವಸ್ತು ಕೊಂಡ ದಿನದಿಂದಲೇ ಎಣಿಸಲಾಗುತ್ತದೆ. ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಇಲ್ಲವಾಗುತ್ತದೆ. ಶೇ 1ರಷ್ಟು ಕ್ಯಾಷ್‌ಬ್ಯಾಕ್ ಕೊಡುವ ಕಾರ್ಡ್‌ನಿಂದ 1,177 ರೂ. ಗಳಿಸಬೇಕಾದರೆ 1,17,700 ರೂ. ಖರ್ಚು ಮಾಡಬೇಕು! ಒಂದು ತಿಂಗಳ ಅಜಾಗ್ರತೆಯ ಬೆಲೆ ಇದು.

ಆದ್ದರಿಂದ ಕಳೆದ ಒಂದು ವರ್ಷದಲ್ಲಿ ಎರಡು ಮೂರು ಸಲವಾದರೂ ಬಾಕಿ ಉಳಿಸಿಕೊಂಡವರು ರಿವಾರ್ಡ್ ಕಾರ್ಡ್‌ನ ಹುಡುಕಾಟವನ್ನು ಸದ್ಯಕ್ಕೆ ಬಿಡುವುದೇ ಒಳಿತು. ಇರುವ ಬಾಕಿಯನ್ನು ಕಡಿಮೆ ಬಡ್ಡಿಯ ವೈಯಕ್ತಿಕ ಸಾಲಕ್ಕೋ ಚಿನ್ನದ ಸಾಲಕ್ಕೋ ಬದಲಿಸಿ ಮೊದಲು ತೀರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪ್ಲಾಸ್ಟಿಕ್ ಹಣಕ್ಕೂ ಅನ್ವಯಿಸುತ್ತದೆ.

ಮೂರು ತಿಂಗಳ ಖರ್ಚು ಬರೆದುಕೊಳ್ಳಿ

ಪ್ರತಿ ತಿಂಗಳೂ ಪೂರ್ತಿ ಹಣ ಕಟ್ಟುವ ಶಿಸ್ತು ಇರುವವರು ಮಾಡಬೇಕಾದ ಮೊದಲ ಕೆಲಸ, ಬ್ಯಾಂಕ್ ಪಾಸ್‌ಬುಕ್ ಮತ್ತು ಯುಪಿಐ ವಿವರ ಮುಂದಿಟ್ಟುಕೊಂಡು ಕಳೆದ ಮೂರು ತಿಂಗಳ ಖರ್ಚನ್ನು ವಿಂಗಡಿಸುವುದು. ದಿನಸಿ, ಪೆಟ್ರೋಲ್, ಆನ್‌ಲೈನ್ ಖರೀದಿ, ಹೋಟೆಲ್ ಊಟ, ಔಷಧ, ವಿದ್ಯುತ್ ಮತ್ತು ಫೋನ್ ಬಿಲ್, ವಿಮೆ, ಶಾಲಾ ಶುಲ್ಕ, ಪ್ರಯಾಣ, ಬಾಡಿಗೆ ಹೀಗೆ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಅದನ್ನು ಕಾರ್ಡ್‌ನಲ್ಲಿ ಕಟ್ಟಲು ಸಾಧ್ಯವೇ ಎಂದು ಗುರುತಿಸಿ.

ಇದು ಮುಖ್ಯ. ಏಕೆಂದರೆ ನಮ್ಮ ನಗರಗಳಲ್ಲಿಯೂ ಖರ್ಚಿನ ಒಂದು ಪಾಲು ಕಾರ್ಡ್ ಯಂತ್ರವಿಲ್ಲದ ಕಡೆಗಳಲ್ಲೇ ಆಗುತ್ತದೆ. ಹಾಲು, ಹೂವು, ತರಕಾರಿ, ದರ್ಶಿನಿಯ ತಿಂಡಿ, ಆಟೊ ಬಾಡಿಗೆಗಳಿಗೆ ಕಾರ್ಡ್ ಉಜ್ಜಲಾಗದು. ರುಪೇ ಜಾಲದ ಕ್ರೆಡಿಟ್ ಕಾರ್ಡ್‌ಗಳನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಅವಕಾಶ ನೀಡಿದ ಮೇಲೆ, ಕ್ಯುಆರ್ ಫಲಕ ಇರುವ ಅಂಗಡಿಗಳಲ್ಲಿ ಕಾರ್ಡ್ ಖಾತೆಯಿಂದಲೇ ಪಾವತಿಸುವುದು ಸಾಧ್ಯವಾಗಿದೆ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳುಹಿಸಲು ಇದನ್ನು ಬಳಸುವಂತಿಲ್ಲ. ಮೇಲಾಗಿ, ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳಿಂದ ಕಂಗಾಲಾದ ಬೆಂಗಳೂರಿನ ಅನೇಕ ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬರಹ ಅಂಟಿಸಿದ್ದನ್ನು ಓದುಗರು ಮರೆತಿರಲಾರರು. ಅಂಗಡಿಯವನು ಒಪ್ಪದಿದ್ದರೆ ಯಾವ ಕಾರ್ಡ್‌ನ ಪಾಯಿಂಟ್ ಕೂಡ ಪ್ರಯೋಜನಕ್ಕೆ ಬಾರದು.

ಪಾಯಿಂಟ್‌ನ ಬೆಲೆ ತಿಳಿಯುವುದು ಹೇಗೆ?

'ಹತ್ತು ಪಟ್ಟು ಪಾಯಿಂಟ್', 'ಸೇರುತ್ತಲೇ 5,000 ಪಾಯಿಂಟ್' ಎಂಬ ಜಾಹೀರಾತು ನೋಡಿ ಮರುಳಾಗಬಾರದು. ಪಾಯಿಂಟ್ ಎಷ್ಟು ಎಂಬುದಕ್ಕಿಂತ ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಎಂಬುದೇ ಮುಖ್ಯ. ಒಂದು ಬ್ಯಾಂಕ್‌ನಲ್ಲಿ ಪಾಯಿಂಟ್‌ನ ಮೌಲ್ಯ 20 ಪೈಸೆ ಇದ್ದರೆ ಇನ್ನೊಂದರಲ್ಲಿ 1 ರೂಪಾಯಿ ಇರಬಹುದು. ಒಂದೇ ಬ್ಯಾಂಕ್‌ನಲ್ಲಿಯೂ ವಿಮಾನ ಟಿಕೆಟ್‌ಗೆ ಒಂದು ಬೆಲೆ, ಬಿಲ್‌ಗೆ ಜಮಾ ಮಾಡಿಕೊಂಡರೆ ಅದಕ್ಕಿಂತ ಕಡಿಮೆ ಬೆಲೆ ಇರುವುದು ಸಾಮಾನ್ಯ.

ಲೆಕ್ಕ ಸರಳ. 100 ರೂ. ಖರ್ಚಿಗೆ ಸಿಗುವ ಪಾಯಿಂಟ್‌ಗಳನ್ನು ಒಂದು ಪಾಯಿಂಟ್‌ನ ಬೆಲೆಯಿಂದ ಗುಣಿಸಿದರೆ ನಿಜವಾದ ಪ್ರತಿಫಲದ ಶೇಕಡಾವಾರು ದೊರೆಯುತ್ತದೆ. 100 ರೂಪಾಯಿಗೆ 1 ಪಾಯಿಂಟ್, ಪಾಯಿಂಟ್‌ಗೆ 25 ಪೈಸೆ ಎಂದಾದರೆ ಪ್ರತಿಫಲ ಶೇ 0.25 ಮಾತ್ರ. ಅದೇ ಕಾರ್ಡ್ 'ಹತ್ತು ಪಟ್ಟು' ಕೊಟ್ಟರೂ ಶೇ 2.5 ದಾಟುವುದಿಲ್ಲ. ಪಕ್ಕದ ಕಾರ್ಡ್ ಸದ್ದಿಲ್ಲದೆ ಶೇ 5 ಕ್ಯಾಷ್‌ಬ್ಯಾಕ್ ಕೊಡುತ್ತಿರಬಹುದು!

ಇದರ ಜತೆಗೆ ಮೂರು ಅಂಶಗಳನ್ನು ವಿಚಾರಿಸಬೇಕು. ಒಂದು, ತಿಂಗಳಿಗೆ ಗರಿಷ್ಠ ಎಷ್ಟು ಪ್ರತಿಫಲ ಎಂಬ ಮಿತಿ. ಎರಡು, ಪಾಯಿಂಟ್‌ನ ಅವಧಿ ಎಂದು ಮುಗಿಯುತ್ತದೆ ಎಂಬುದು. ಮೂರು, ಪಾಯಿಂಟ್ ಬಳಸಿಕೊಳ್ಳಲು ಪ್ರತ್ಯೇಕ ಶುಲ್ಕ ಇದೆಯೇ ಎಂಬುದು.

ಕಾರ್ಡ್‌ಗಳಲ್ಲಿ ಎಷ್ಟು ಬಗೆ?

ಕ್ಯಾಷ್‌ಬ್ಯಾಕ್ ಕಾರ್ಡ್: ಪ್ರತಿಫಲ ನೇರವಾಗಿ ರೂಪಾಯಿಯಲ್ಲಿ ಬಿಲ್‌ಗೆ ಜಮೆಯಾಗುತ್ತದೆ. ಲೆಕ್ಕ ಹಾಕುವ ತಲೆನೋವು ಬೇಡ ಎನ್ನುವವರಿಗೆ, ಮೊದಲ ಬಾರಿ ಕಾರ್ಡ್ ಪಡೆಯುವವರಿಗೆ ಇದು ಉತ್ತಮ.

ಸಹಬ್ರಾಂಡ್ ಕಾರ್ಡ್: ಬ್ಯಾಂಕ್ ಮತ್ತು ಒಂದು ವ್ಯಾಪಾರ ಸಂಸ್ಥೆ ಸೇರಿ ಹೊರತರುವ ಕಾರ್ಡ್. 2018ರಲ್ಲಿ ಬಂದ ಅಮೆಜಾನ್ ಪೇ ಐಸಿಐಸಿಐ ಕಾರ್ಡ್, 2019ರಲ್ಲಿ ಬಂದ ಫ್ಲಿಪ್‌ಕಾರ್ಟ್ ಆಕ್ಸಿಸ್ ಕಾರ್ಡ್ ಈ ಬಗೆಯವು. ಆ ಸಂಸ್ಥೆಯಲ್ಲಿ ನಿಯಮಿತವಾಗಿ ಕೊಳ್ಳುವವರಿಗಷ್ಟೇ ಹೆಚ್ಚಿನ ಲಾಭ.

ಇಂಧನ ಕಾರ್ಡ್: ಸಾಮಾನ್ಯ ಕಾರ್ಡ್‌ಗಳು ಪೆಟ್ರೋಲ್‌ಗೆ ಪಾಯಿಂಟ್ ಕೊಡುವುದಿಲ್ಲ. ಕೇವಲ ಶೇ 1ರ ಸರ್ಚಾರ್ಜ್ ಮನ್ನಾ ಮಾಡುತ್ತವೆ. ಅದು ಲಾಭವಲ್ಲ, ಹೆಚ್ಚುವರಿಯಾಗಿ ವಿಧಿಸಿದ್ದನ್ನು ವಾಪಸ್ ಕೊಡುವುದಷ್ಟೆ. ದಿನವೂ ದೂರ ಓಡಾಡುವವರು, ತಿಂಗಳಿಗೆ ಐದಾರು ಸಾವಿರ ರೂ. ಇಂಧನಕ್ಕೆ ವ್ಯಯಿಸುವವರು ತೈಲ ಕಂಪೆನಿಯ ಸಹಬ್ರಾಂಡ್ ಕಾರ್ಡ್ ಪರಿಶೀಲಿಸಬಹುದು. ಆದರೆ ಆ ಕಂಪೆನಿಯ ಬಂಕ್ ನಿಮ್ಮ ದಾರಿಯಲ್ಲಿರಬೇಕು.

ಪ್ರಯಾಣದ ಕಾರ್ಡ್: ವಿಮಾನ ಮೈಲು, ಹೋಟೆಲ್ ರಿಯಾಯಿತಿ, ಲಾಂಜ್ ಪ್ರವೇಶ ಇದರ ಆಕರ್ಷಣೆ. ವಾರ್ಷಿಕ ಶುಲ್ಕ ಹೆಚ್ಚು. ಹಲವು ಬ್ಯಾಂಕುಗಳು ಇತ್ತೀಚಿನ ವರ್ಷಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಲಾಂಜ್ ಪ್ರವೇಶ ಎಂಬ ಷರತ್ತು ವಿಧಿಸಿವೆ. ವರ್ಷಕ್ಕೆ ನಾಲ್ಕಾರು ಬಾರಿಯಾದರೂ ವಿಮಾನ ಹತ್ತದವರಿಗೆ ಇದು ಹೊರೆ.

ಠೇವಣಿ ಆಧಾರಿತ ಕಾರ್ಡ್: ಸಂಬಳದ ಚೀಟಿ ಇಲ್ಲದ ಗೃಹಿಣಿಯರು, ವಿದ್ಯಾರ್ಥಿಗಳು, ಸಣ್ಣ ವ್ಯಾಪಾರಿಗಳು ನಿಶ್ಚಿತ ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯಬಹುದು. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಸಾಲದ ಇತಿಹಾಸವೂ ಬೆಳೆಯುತ್ತದೆ.

ಒಂದು ಕುಟುಂಬದ ಲೆಕ್ಕ

ಮೈಸೂರಿನ ಒಂದು ಮಧ್ಯಮ ವರ್ಗದ ಕುಟುಂಬ ಕಾರ್ಡ್ ಮೂಲಕ ತಿಂಗಳಿಗೆ 30,000 ರೂ. ಖರ್ಚು ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಸೂಪರ್ ಮಾರ್ಕೆಟ್ ದಿನಸಿ 8,000 ರೂ., ಆನ್‌ಲೈನ್ ಖರೀದಿ 6,000 ರೂ., ಬಟ್ಟೆ, ಹೋಟೆಲ್ ಹಾಗೂ ಔಷಧ 6,000 ರೂ., ಪೆಟ್ರೋಲ್ 4,000 ರೂ., ವಿದ್ಯುತ್, ಫೋನ್ ಮತ್ತು ವಿಮೆ 6,000 ರೂ. ಕೊನೆಯ ಎರಡಕ್ಕೆ ಪ್ರತಿಫಲ ಇಲ್ಲವೆಂದೇ ಭಾವಿಸಿದರೆ, ಲೆಕ್ಕಕ್ಕೆ ಬರುವುದು 20,000 ರೂ. ಮಾತ್ರ.

ಮೊದಲ ಕಾರ್ಡ್‌ಗೆ ವಾರ್ಷಿಕ ಶುಲ್ಕವಿಲ್ಲ, ಎಲ್ಲದಕ್ಕೂ ಶೇ 1 ಕ್ಯಾಷ್‌ಬ್ಯಾಕ್. ತಿಂಗಳಿಗೆ 200 ರೂ., ವರ್ಷಕ್ಕೆ 2,400 ರೂ. ಉಳಿತಾಯ.

ಎರಡನೆಯದಕ್ಕೆ 999 ರೂ. ಶುಲ್ಕ, ಜಿಎಸ್‌ಟಿ ಸೇರಿ 1,179 ರೂ. ಆನ್‌ಲೈನ್ ಖರೀದಿಗೆ ಶೇ 5, ಉಳಿದದ್ದಕ್ಕೆ ಶೇ 1. ತಿಂಗಳಿಗೆ 300 ಮತ್ತು 140 ಸೇರಿ 440 ರೂ., ವರ್ಷಕ್ಕೆ 5,280 ರೂ. ಶುಲ್ಕ ಕಳೆದರೆ 4,101 ರೂ. ವರ್ಷಕ್ಕೆ 2 ಲಕ್ಷ ರೂ. ಖರ್ಚಾದರೆ ಶುಲ್ಕ ಮನ್ನಾ ಎಂಬ ಷರತ್ತಿದ್ದರೆ ಪೂರ್ತಿ 5,280 ರೂ. ಕೈಗೆ ದಕ್ಕುತ್ತದೆ.

ಮೂರನೆಯದು ಪ್ರಯಾಣದ ಕಾರ್ಡ್. ಶುಲ್ಕ 2,500 ರೂ., ಜಿಎಸ್‌ಟಿ ಸೇರಿ 2,950 ರೂ. 150 ರೂಪಾಯಿಗೆ 4 ಪಾಯಿಂಟ್‌ನಂತೆ ತಿಂಗಳಿಗೆ ಸುಮಾರು 530, ವರ್ಷಕ್ಕೆ 6,360 ಪಾಯಿಂಟ್. ಬಿಲ್‌ಗೆ ಜಮಾ ಮಾಡಿಕೊಂಡರೆ ಪಾಯಿಂಟ್‌ಗೆ 25 ಪೈಸೆಯಂತೆ 1,590 ರೂ., ಅಂದರೆ ಶುಲ್ಕ ಕಳೆದು 1,360 ರೂ. ನಷ್ಟ. ವಿಮಾನ ಟಿಕೆಟ್‌ಗೆ ಬಳಸಿ 50 ಪೈಸೆ ಸಿಕ್ಕರೂ ಉಳಿಯುವುದು ಕೇವಲ 230 ರೂ.

ನೋಡಲು ಅತಿ ವೈಭವದ ಕಾರ್ಡ್ ಈ ಕುಟುಂಬಕ್ಕೆ ಅತಿ ಕಡಿಮೆ ಪ್ರಯೋಜನದ್ದು ಎಂಬುದು ಸ್ಪಷ್ಟ. ಆದರೆ ಇದೇ ಕುಟುಂಬ ಆನ್‌ಲೈನ್‌ನಲ್ಲಿ ಏನನ್ನೂ ಕೊಳ್ಳದೆ ಆ 6,000 ರೂಪಾಯಿಯನ್ನೂ ಅಂಗಡಿಯಲ್ಲೇ ಖರ್ಚು ಮಾಡಿದರೆ, ಎರಡನೆಯ ಕಾರ್ಡ್ ಕೂಡ ಮೊದಲನೆಯದರಷ್ಟೇ, ಅಂದರೆ 2,400 ರೂ. ಕೊಡುತ್ತದೆ. ಶುಲ್ಕ ಮನ್ನಾ ಆಗದಿದ್ದರೆ ಅದಕ್ಕಿಂತಲೂ ಕಡಿಮೆ. ಖರ್ಚಿನ ಸ್ವರೂಪವೇ ಕಾರ್ಡ್ ಆರಿಸುತ್ತದೆ ಎನ್ನುವುದು ಇದಕ್ಕೇ.

ಶುಲ್ಕ ಮನ್ನಾದ ಗುರಿ ಮುಟ್ಟಲೆಂದು ಬೇಡದ ವಸ್ತು ಕೊಳ್ಳುವವರೂ ಇದ್ದಾರೆ. 1,179 ರೂ. ಉಳಿಸಲು 15,000 ರೂಪಾಯಿಯ ಅನಗತ್ಯ ಖರೀದಿ ಮಾಡುವುದು ಯಾವ ಲೆಕ್ಕದಲ್ಲಿಯೂ ಉಳಿತಾಯವಲ್ಲ.

ಇಲ್ಲಿ ಎಚ್ಚರ ತಪ್ಪದಿರಿ

* ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಬಳಸಿ ನಗದು ತೆಗೆಯಬೇಡಿ. ತೆಗೆದ ದಿನದಿಂದಲೇ ಬಡ್ಡಿ, ಜತೆಗೆ ಪ್ರತ್ಯೇಕ ಶುಲ್ಕ.

* ಕೆಲವು ಚಿನ್ನಾಭರಣ, ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ಕಾರ್ಡ್ ಕೊಟ್ಟರೆ ಶೇ 2 ಹೆಚ್ಚು ಕೇಳುತ್ತಾರೆ. ಶೇ 1ರ ಪಾಯಿಂಟ್‌ಗಾಗಿ ಶೇ 2 ತೆರುವುದು ಅರ್ಥಹೀನ.

* ಹೆಚ್ಚಿನ ಕಾರ್ಡ್‌ಗಳಲ್ಲಿ ವಿದೇಶಿ ಕರೆನ್ಸಿಯ ಪಾವತಿಗೆ ಶೇ 3.5ರಷ್ಟು ಹೆಚ್ಚುವರಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಇದೆ. ಒಟ್ಟು ಶೇ 4.13. ವಿದೇಶದಲ್ಲಿ 50,000 ರೂ. ಮೌಲ್ಯದ ಖರೀದಿ ಮಾಡಿದರೆ 2,065 ರೂ. ಹೆಚ್ಚು ಬೀಳುತ್ತದೆ. ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವ ಹಿರಿಯರು ಈ ಶುಲ್ಕ ಇಲ್ಲದ ಕಾರ್ಡ್ ವಿಚಾರಿಸಬೇಕು. ಅಲ್ಲಿನ ಯಂತ್ರ ರೂಪಾಯಿಯೋ ಸ್ಥಳೀಯ ಹಣವೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಆರಿಸಿ.

* ಬಾಡಿಗೆ, ವ್ಯಾಲೆಟ್‌ಗೆ ಹಣ ತುಂಬುವುದು, ಕಂತಿನ ಖರೀದಿ ಮುಂತಾದವಕ್ಕೆ ಹೆಚ್ಚಿನ ಬ್ಯಾಂಕುಗಳು ಪ್ರತಿಫಲ ನೀಡುವುದಿಲ್ಲ. ಪಟ್ಟಿ ಆಗಾಗ ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ಬ್ಯಾಂಕ್‌ನ ವೆಬ್‌ಸೈಟ್‌ನಲ್ಲಿ ನಿಯಮ ಓದುವುದು ಒಳ್ಳೆಯದು.

* ಮಿತಿಯ ಶೇ 30ಕ್ಕಿಂತ ಹೆಚ್ಚು ಬಳಸದಿರುವುದು ಮತ್ತು ಒಮ್ಮೆಲೇ ಹಲವು ಬ್ಯಾಂಕುಗಳಿಗೆ ಅರ್ಜಿ ಹಾಕದಿರುವುದು ಸಾಲದ ಅಂಕಕ್ಕೆ ಹಿತ. 300ರಿಂದ 900ರವರೆಗಿನ ಈ ಅಂಕವೇ ಮುಂದೆ ಗೃಹಸಾಲದ ಬಾಗಿಲು ತೆರೆಯುವ ಕೀಲಿ.

ಖರೀದಿಯ ದಿನ ಆರಿಸಿಕೊಳ್ಳುವುದರಲ್ಲೂ ಜಾಣತನವಿದೆ. ಬಿಲ್ ಪ್ರತಿ ತಿಂಗಳ 10ಕ್ಕೆ ತಯಾರಾಗಿ, 30ಕ್ಕೆ ಹಣ ಕಟ್ಟುವ ಗಡುವು ಇದೆ ಎನ್ನೋಣ. ಜೂನ್ 9ರಂದು ಫ್ರಿಜ್ ಕೊಂಡರೆ 21 ದಿನದಲ್ಲಿ ಹಣ ಕಟ್ಟಬೇಕು. ಎರಡು ದಿನ ತಡೆದು ಜೂನ್ 11ರಂದು ಕೊಂಡರೆ ಜುಲೈ 30ರವರೆಗೆ, ಅಂದರೆ 49 ದಿನ ಬಡ್ಡಿಯಿಲ್ಲದ ಸಾಲ ಸಿಕ್ಕಂತಾಗುತ್ತದೆ.

ಪಾಯಿಂಟ್ ಹಣವಲ್ಲ

ವರ್ಷಗಟ್ಟಲೆ ಪಾಯಿಂಟ್ ಕೂಡಿಡುವವರು ವಿಮಾನಯಾನ ಸಂಸ್ಥೆಗಳ ಇತಿಹಾಸ ನೋಡಬೇಕು. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ, ಅದರ 'ಕಿಂಗ್ ಕ್ಲಬ್' ಮೈಲುಗಳನ್ನು ಕೂಡಿಟ್ಟವರಿಗೆ ಹತ್ತಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದರ ಮೈಲು ಯೋಜನೆ 'ಇಂಟರ್‌ಮೈಲ್ಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿದರೂ ಹಿಂದಿನ ವಿಮಾನಗಳು ಇರಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಪಾಯಿಂಟ್‌ಗಳು ವರ್ಗಾವಣೆಯಾದವು. ಆದರೆ ವಿಸ್ತಾರದ ಹೆಸರಿನ ಕಾರ್ಡ್‌ಗಳ ಹೊಸ ವಿತರಣೆ ನಿಂತಿತು.

ಪಾಠ ಇಷ್ಟೆ. ಪಾಯಿಂಟ್‌ಗೆ ಬಡ್ಡಿ ಬರುವುದಿಲ್ಲ, ಅದರ ಬೆಲೆ ಇಳಿಸುವ ಅಧಿಕಾರ ಬ್ಯಾಂಕಿನ ಕೈಯಲ್ಲಿದೆ. ವರ್ಷಕ್ಕೊಮ್ಮೆಯಾದರೂ ಬಳಸಿ ಮುಗಿಸಿ.

ಗ್ರಾಹಕರಿಗೆ ಇರುವ ರಕ್ಷಣೆ

ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳು ಗ್ರಾಹಕರ ಕೈ ಬಲಪಡಿಸಿವೆ. ಕೇಳದೆ ಕಾರ್ಡ್ ಕಳುಹಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಶುಲ್ಕ ವಿಧಿಸಿದರೆ ಅದನ್ನು ಹಿಂದಿರುಗಿಸುವುದಲ್ಲದೆ, ಅದರ ಎರಡು ಪಟ್ಟು ದಂಡವನ್ನು ಬ್ಯಾಂಕ್ ಗ್ರಾಹಕನಿಗೆ ತೆರಬೇಕು. ಬಾಕಿ ತೀರಿಸಿ ಕಾರ್ಡ್ ರದ್ದುಪಡಿಸಲು ಕೋರಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂ. ದಂಡ. ಗಡುವು ಮೀರಿ ಮೂರು ದಿನ ಕಳೆಯುವವರೆಗೆ ವಿಳಂಬ ಶುಲ್ಕ ಹಾಕುವಂತಿಲ್ಲ. ಬಿಲ್ ತಯಾರಾಗುವ ದಿನಾಂಕವನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವೂ ಇದೆ. ಸಂಬಳ ಬರುವ ದಿನಕ್ಕೆ ಹೊಂದಿಸಿಕೊಳ್ಳಲು ಇದು ಅನುಕೂಲ.

ಬ್ಯಾಂಕ್‌ಗೆ ದೂರು ನೀಡಿ 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್‌ನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಪಾಯಿಂಟ್ ಹೆಸರಿನಲ್ಲಿ ವಂಚಕರೂ ಬಲೆ ಬೀಸಿದ್ದಾರೆ. 'ನಿಮ್ಮ ಪಾಯಿಂಟ್‌ಗಳ ಅವಧಿ ಇಂದೇ ಮುಗಿಯುತ್ತದೆ' ಎಂಬ ಸಂದೇಶ, ಅದರೊಂದಿಗೆ ಒಂದು ಕೊಂಡಿ ಅಥವಾ ಮೊಬೈಲ್‌ಗೆ ಇಳಿಸಿಕೊಳ್ಳಬೇಕಾದ ಫೈಲ್ ಬಂದರೆ ಮುಟ್ಟಲೇಬೇಡಿ. ಪಾಯಿಂಟ್ ನೋಡಲು ಬ್ಯಾಂಕ್‌ನ ಅಧಿಕೃತ ಆ್ಯಪ್ ಮಾತ್ರ ಬಳಸಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋಗಿದೆ ಎಂದು ತಿಳಿದ ಕೂಡಲೇ ಬ್ಯಾಂಕ್‌ಗೂ 1930 ಸಹಾಯವಾಣಿಗೂ ಕರೆ ಮಾಡಿ. ಇಲ್ಲಿ ಪ್ರತಿ ನಿಮಿಷವೂ ಅಮೂಲ್ಯ.

ಅರ್ಜಿಗೆ ಸಹಿ ಹಾಕುವ ಮುನ್ನ

1. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟಬಲ್ಲೆನೇ? ಇಲ್ಲವೆಂದಾದರೆ ಅರ್ಜಿ ಬೇಡ.

2. ಪ್ರತಿಫಲ ಸಿಗುವ ಖರ್ಚು ತಿಂಗಳಿಗೆ ಎಷ್ಟು? ಯಾವ ಬಾಬ್ತಿಗೆ ಹೆಚ್ಚು?

3. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ? ತಿಂಗಳ ಮಿತಿ ಎಷ್ಟು?

4. ಜಿಎಸ್‌ಟಿ ಸೇರಿ ವಾರ್ಷಿಕ ಶುಲ್ಕ ಎಷ್ಟು? ಮೊದಲ ವರ್ಷಕ್ಕೆ ಮಾತ್ರ ಉಚಿತವೋ, ಶಾಶ್ವತವಾಗಿ ಉಚಿತವೋ?

5. ಮಾರಾಟ ಪ್ರತಿನಿಧಿ ಬಾಯಲ್ಲಿ ಹೇಳಿದ್ದು ಬ್ಯಾಂಕ್‌ನ ಪ್ರಮುಖ ಷರತ್ತುಗಳ ಪತ್ರದಲ್ಲಿ ಬರಹದಲ್ಲಿ ಇದೆಯೇ?

ಈ ಐದಕ್ಕೂ ಉತ್ತರ ದೊರೆತ ಮೇಲೆ ಒಂದು, ಹೆಚ್ಚೆಂದರೆ ಎರಡು ಕಾರ್ಡ್ ಸಾಕು. ಒಂದು ಎಲ್ಲ ಕಡೆ ಬಳಸಲು, ಇನ್ನೊಂದು ಅತಿ ಹೆಚ್ಚು ಖರ್ಚಾಗುವ ಬಾಬ್ತಿಗೆ. ಬ್ಯಾಂಕ್ ಖಾತೆಯಿಂದ ಬಿಲ್‌ನ ಪೂರ್ತಿ ಮೊತ್ತ ತಾನಾಗಿಯೇ ಕಡಿತವಾಗುವಂತೆ ವ್ಯವಸ್ಥೆ ಮಾಡಿಕೊಳ್ಳಿ. 'ಕನಿಷ್ಠ ಬಾಕಿ' ಎಂಬ ಆಯ್ಕೆಯನ್ನು ಮಾತ್ರ ಗುರುತು ಹಾಕಬೇಡಿ.